ಕ್ಯಾನ್ಸರ್ ವಿಕಿರಣ ಚಿಕಿತ್ಸೆಯಲ್ಲಿ ವೈದ್ಯಕೀಯ ಭೌತವಿಜ್ಞಾನಿಯ ಪಾತ್ರ

ಸುಳ್ಯ ತಾಲ್ಲೂಕಿನ ಸಂಪಾಜೆ ಭಾಗದ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆ ಮಂಗಳೂರಿನ ಆಸ್ಪತ್ರೆಗಳಿಗೆ ಅಥವಾ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ತೆರಳಬೇಕಾಗುತ್ತದೆ. ಯೋಜನೆಗಾಗಿ ಸಿ.ಟಿ. ಸ್ಕ್ಯಾನ್ ಮಾಡಿದ ನಂತರ ಚಿಕಿತ್ಸೆ ಆರಂಭಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಇದು ಅನಗತ್ಯ ವಿಳಂಬವಲ್ಲ.

ವೈದ್ಯರು ಗಡ್ಡೆಯ ಎಲ್ಲೆಯನ್ನು ಗುರುತಿಸಿ ವಿಕಿರಣದ ಪ್ರಮಾಣವನ್ನು ಸೂಚಿಸುತ್ತಾರೆ. ಕಿರಣಗಳನ್ನು ಯಾವ ಕೋನಗಳಿಂದ, ಎಷ್ಟೆಷ್ಟು ಹಾಯಿಸಬೇಕೆಂಬುದನ್ನು ವೈದ್ಯಕೀಯ ಭೌತವಿಜ್ಞಾನಿಯು ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಬಾಯಿಯ ಕ್ಯಾನ್ಸರಿನಲ್ಲಿ ಗಡ್ಡೆಗೆ ಪೂರ್ಣ ಪ್ರಮಾಣ ತಲುಪಬೇಕು. ಬೆನ್ನುಹುರಿ ಹಾಗೂ ಜೊಲ್ಲುಗ್ರಂಥಿಗಳಿಗೆ ಆದಷ್ಟು ಕಡಿಮೆ ತಗಲಬೇಕು. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ 5 ದಿನ, 6ರಿಂದ 7 ವಾರ ಚಿಕಿತ್ಸೆ ನೀಡಲಾಗುತ್ತದೆ. ಯಂತ್ರದಿಂದ ಹೊಮ್ಮುವ ವಿಕಿರಣವು ಲೆಕ್ಕಕ್ಕೆ ಸರಿಹೊಂದುತ್ತಿದೆಯೇ ಎಂಬ ಪರೀಕ್ಷೆಯೂ ಇವರ ಹೊಣೆ. ರೋಗಿಗಳು ಇವರನ್ನು ಕಾಣುವುದು ಅಪರೂಪ.

ಚರ್ಮದ ಮೇಲೆ ಹಾಕಿದ ಗುರುತುಗಳನ್ನು ಅಳಿಸಬಾರದು. ಬಸ್ಸಿನ ಅನಾನುಕೂಲ, ಮನೆಯ ಸಮಾರಂಭ ಮುಂತಾದ ಕಾರಣಗಳಿಗೆ ಚಿಕಿತ್ಸೆಯ ದಿನಗಳನ್ನು ತಪ್ಪಿಸಿದಲ್ಲಿ ಇಡೀ ಲೆಕ್ಕಾಚಾರದ ಪ್ರಯೋಜನ ಕುಗ್ಗುತ್ತದೆ.

ಈ ಹುದ್ದೆಗೆ ಭೌತಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಹಾಗೂ ಆಸ್ಪತ್ರೆಯಲ್ಲಿ 12 ತಿಂಗಳ ತರಬೇತಿ ಅವಶ್ಯ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1962ರಿಂದ ಈ ಡಿಪ್ಲೊಮಾ ನೀಡುತ್ತಿದೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವು ಲಭ್ಯವಿದೆ. ಅರ್ಹರು ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಆಸ್ಪತ್ರೆಯನ್ನು ಸಂಪರ್ಕಿಸುವುದು.