ಬಡವರ ಸೂರಿಗೆ ಮೂವರ ಹೆಗಲು: ಮುಂಬಯಿ ನೀಡಿದ ಪಾಠ

ನಗರದ ಬಡವರಿಗೆ ಮನೆ ಕಟ್ಟಿಕೊಡುವ ಹೊಣೆ ಯಾರದು? ಸರ್ಕಾರದ ಬಳಿ ಭೂಮಿ ಮತ್ತು ಕಾನೂನಿನ ಅಧಿಕಾರವಿದೆ, ಆದರೆ ಹಣ ಸಾಲದು. ಖಾಸಗಿ ನಿರ್ಮಾಣ ಸಂಸ್ಥೆಗಳ ಬಳಿ ಹಣ ಮತ್ತು ಯಂತ್ರಬಲವಿದೆ, ಆದರೆ ಲಾಭವಿಲ್ಲದೆ ಅವು ಮುಂದೆ ಬರುವುದಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಜನರ ವಿಶ್ವಾಸವಿದೆ, ಆದರೆ ಭೂಮಿಯೂ ಇಲ್ಲ, ಬಂಡವಾಳವೂ ಇಲ್ಲ. ಈ ಮೂರನ್ನೂ ಒಂದೇ ನೊಗಕ್ಕೆ ಕಟ್ಟುವ ಪ್ರಯತ್ನ ದೇಶದಲ್ಲಿ ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮುಂಬಯಿಯಲ್ಲಿ. ಆ ಪ್ರಯತ್ನದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವರು ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ಕೆಜಿಎಫ್‌ನಿಂದ ಜನತಾ ಕಾಲೊನಿಗೆ

ಜೋಕಿನ್ ಅರ್ಪುತಮ್ ಕೆಜಿಎಫ್‌ನಲ್ಲಿ ಜನಿಸಿ, ಯೌವನದಲ್ಲಿ ಕೆಲಸ ಅರಸಿ ಮುಂಬಯಿ ಸೇರಿದರು. ಬಡಗಿ ಕೆಲಸ ಮಾಡುತ್ತ ಮಾನ್‌ಖುರ್ದ್ ಬಳಿಯ ಜನತಾ ಕಾಲೊನಿಯಲ್ಲಿ ನೆಲೆಸಿದರು. ಆ ಕಾಲೊನಿಯನ್ನು ತೆರವುಗೊಳಿಸುವ ಕ್ರಮದ ವಿರುದ್ಧ ನಿವಾಸಿಗಳನ್ನು ಸಂಘಟಿಸಿ ವರ್ಷಗಳ ಕಾಲ ಹೋರಾಡಿದರು. ಆದರೂ ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ಕಾಲೊನಿ ನೆಲಸಮವಾಯಿತು. ನಿವಾಸಿಗಳನ್ನು ಚೀತಾ ಕ್ಯಾಂಪ್‌ಗೆ ಸ್ಥಳಾಂತರಿಸಲಾಯಿತು.

ಈ ಹೋರಾಟದ ನಡುವೆಯೇ, 1970ರ ದಶಕದ ಮಧ್ಯಭಾಗದಲ್ಲಿ, ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ರೂಪುಗೊಂಡಿತು. 1984ರಲ್ಲಿ ಶೀಲಾ ಪಟೇಲ್ ಮತ್ತು ಸಂಗಡಿಗರು ‘ಸ್ಪಾರ್ಕ್’ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಸ್ಥಾಪಿಸಿದರು. 1985ರ ಜುಲೈನಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿತಾದರೂ, ಸೂಕ್ತ ಕ್ರಮ ಅನುಸರಿಸಿ ಪಾದಚಾರಿ ಮಾರ್ಗದ ಗುಡಿಸಲುಗಳನ್ನು ತೆರವುಗೊಳಿಸಲು ಅವಕಾಶ ನೀಡಿತು. ಅದೇ ವರ್ಷ ಸ್ಪಾರ್ಕ್ ಪಾದಚಾರಿ ಮಾರ್ಗದ ನಿವಾಸಿಗಳ ಗಣತಿ ನಡೆಸಿ ಪ್ರಕಟಿಸಿತು. ಯಾವ ಕಡತದಲ್ಲಿಯೂ ಇಲ್ಲದ ಜನರಿಗೆ ಅಂಕಿಅಂಶಗಳ ಮೂಲಕ ಅಸ್ತಿತ್ವ ದೊರಕಿಸಿಕೊಟ್ಟ ಈ ವಿಧಾನವೇ ಮುಂದಿನ ಸಹಭಾಗಿತ್ವಕ್ಕೆ ತಳಹದಿಯಾಯಿತು. ಮಹಿಳೆಯರ ಉಳಿತಾಯ ಗುಂಪುಗಳ ಜಾಲವಾದ ‘ಮಹಿಳಾ ಮಿಲನ್’ ಸಹ ಇವರೊಡನೆ ಕೈಜೋಡಿಸಿತು.

ಭೂಮಿಯ ಬೆಲೆಯೇ ಬಂಡವಾಳ

1995ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರವನ್ನು ರಚಿಸಿತು. ಅದರ ಲೆಕ್ಕಾಚಾರ ಸರಳ. ಕೊಳೆಗೇರಿ ಇರುವ ಜಾಗದಲ್ಲಿಯೇ ಖಾಸಗಿ ಸಂಸ್ಥೆ ಬಹುಮಹಡಿ ಕಟ್ಟಡ ಕಟ್ಟಿ, ಅರ್ಹ ಕುಟುಂಬಕ್ಕೆ ಆರಂಭದಲ್ಲಿ 225 ಚದರ ಅಡಿಯ ಮನೆಯನ್ನು ಉಚಿತವಾಗಿ ನೀಡಬೇಕಿತ್ತು. ಪ್ರತಿಫಲವಾಗಿ ನಿಯಮ ಮೀರಿ ಹೆಚ್ಚುವರಿ ಮಹಡಿ ಕಟ್ಟಿ ಮಾರುಕಟ್ಟೆ ದರದಲ್ಲಿ ಮಾರುವ ಹಕ್ಕು ಅದಕ್ಕೆ ದೊರೆಯುತ್ತದೆ. ಅದೇ ಜಾಗದಲ್ಲಿ ಬಳಸಲಾಗದ ಹಕ್ಕನ್ನು ಬೇರೆಡೆ ಬಳಸಬಹುದು ಅಥವಾ ಮಾರಬಹುದು. ರಸ್ತೆ ವಿಸ್ತರಣೆಯ ಸಂದರ್ಭದಲ್ಲಿ ಬೆಂಗಳೂರಿನ ಓದುಗರು ಕೇಳಿರುವ ‘ಟಿಡಿಆರ್’ ಇದೇ. ಹೀಗೆ ಸರ್ಕಾರ ಬೊಕ್ಕಸದಿಂದ ಹಣ ತೆಗೆಯದೆ, ಭೂಮಿಯ ಮೌಲ್ಯದಿಂದಲೇ ಮನೆ ಕಟ್ಟಿಸುವ ವ್ಯವಸ್ಥೆ ಜಾರಿಗೆ ಬಂತು.

ಯೋಜನೆಗೆ ಆರಂಭದಲ್ಲಿ ಶೇ 70ರಷ್ಟು ನಿವಾಸಿಗಳ ಒಪ್ಪಿಗೆ ಕಡ್ಡಾಯವಾಗಿತ್ತು. 1995ರ ಜನವರಿ 1ಕ್ಕೆ ಮುಂಚಿನಿಂದ ವಾಸವಿದ್ದವರು ಮಾತ್ರ ಅರ್ಹರು. ಈ ದಿನಾಂಕವನ್ನು ನಂತರ 2000ದ ಜನವರಿ 1ಕ್ಕೆ ವಿಸ್ತರಿಸಲಾಯಿತು. ಐದು ವರ್ಷಗಳಲ್ಲಿ 40 ಲಕ್ಷ ಜನರಿಗೆ ಸೂರು ಎಂಬುದು ಮೂಲ ಘೋಷಣೆ. ಮೂರು ದಶಕ ಕಳೆದರೂ ಆ ಗುರಿ ಈಡೇರಿಲ್ಲ. ಭೂಮಿಯ ಬೆಲೆ ಏರಿದಾಗ ಯೋಜನೆಗಳು ಚುರುಕಾಗುತ್ತವೆ, ಇಳಿದಾಗ ಅರ್ಧಕ್ಕೇ ನಿಲ್ಲುತ್ತವೆ. ತಾತ್ಕಾಲಿಕ ಶೆಡ್‌ಗಳಲ್ಲಿ ಕಾಯುವವರು ಮಾತ್ರ ಬಡವರೇ.

ಧಾರಾವಿಯಲ್ಲಿ ಸ್ಪಾರ್ಕ್ ಮತ್ತು ಒಕ್ಕೂಟ ಇದಕ್ಕೊಂದು ಬದಲಿ ದಾರಿ ಹುಡುಕಿದವು. ರಾಜೀವ್ ಇಂದಿರಾ ಸಹಕಾರ ಸಂಘದ ನಿವಾಸಿಗಳೇ ಅಭಿವೃದ್ಧಿದಾರರ ಸ್ಥಾನದಲ್ಲಿ ನಿಂತರು. ಸಿಟಿಬ್ಯಾಂಕ್ ಸಾಲ ನೀಡಿತು. ಬ್ರಿಟನ್ನಿನ ದತ್ತಿ ಸಂಸ್ಥೆ ಹೋಮ್‌ಲೆಸ್ ಇಂಟರ್‌ನ್ಯಾಷನಲ್ ಆ ಸಾಲಕ್ಕೆ ಖಾತರಿ ನಿಂತಿತು. ಬ್ಯಾಂಕು ಬಡವರಿಗೆ ಸಾಲ ಕೊಡಲು ಹಿಂಜರಿಯುವ ಮೊದಲ ಹಂತದ ಅಪಾಯವನ್ನು ದತ್ತಿ ಹಣ ಹೊತ್ತುಕೊಂಡದ್ದು ಈ ಪ್ರಯೋಗದ ವೈಶಿಷ್ಟ್ಯ.

ರೈಲುಹಳಿ ಪಕ್ಕದ ಸ್ಥಳಾಂತರ

ಮೂರೂ ವಲಯಗಳ ಸಹಭಾಗಿತ್ವದ ನಿಜವಾದ ಪರೀಕ್ಷೆ ನಡೆದದ್ದು ಮುಂಬಯಿ ನಗರ ಸಾರಿಗೆ ಯೋಜನೆಯಲ್ಲಿ. ಹಳಿಗಳ ಪಕ್ಕದಲ್ಲಿಯೇ ಸಾವಿರಾರು ಕುಟುಂಬಗಳು ವಾಸವಾಗಿದ್ದ ಕಾರಣ ಉಪನಗರ ರೈಲುಗಳು ಅಲ್ಲಿ ವೇಗ ತಗ್ಗಿಸಬೇಕಾಗಿತ್ತು. 2000ದ ಆರಂಭದಲ್ಲಿ ರೈಲ್ವೆ ಇಲಾಖೆ ನೆಲಸಮ ಕಾರ್ಯಾಚರಣೆಗೆ ಇಳಿದು, ಪ್ರತಿಭಟನೆಯ ನಂತರ ಅದನ್ನು ನಿಲ್ಲಿಸಿತು. ಬಳಿಕ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಪುನರ್ವಸತಿಯ ಹೊಣೆ ಹೊತ್ತಿತು. ಖಾಸಗಿ ನಿರ್ಮಾಣಗಾರರು ಅಭಿವೃದ್ಧಿ ಹಕ್ಕಿನ ಪ್ರತಿಫಲಕ್ಕೆ ಮನೆಗಳನ್ನು ಕಟ್ಟಿಕೊಟ್ಟರು. ಸ್ಪಾರ್ಕ್ ಮತ್ತು ಒಕ್ಕೂಟ ಕುಟುಂಬಗಳ ಸಮೀಕ್ಷೆ, ಸಹಕಾರ ಸಂಘಗಳ ರಚನೆ, ಮನೆ ಹಂಚಿಕೆಯ ಕೆಲಸ ನಿರ್ವಹಿಸಿದವು. ಅನೇಕ ಕಡೆ ನಿವಾಸಿಗಳು ತಮ್ಮ ಗುಡಿಸಲನ್ನು ತಾವೇ ಬಿಚ್ಚಿ ಹೊರಟರು. ಪೊಲೀಸ್ ಬಲ ಬಳಸದೆ ಸಾವಿರಾರು ಕುಟುಂಬಗಳು ಸ್ಥಳಾಂತರಗೊಂಡದ್ದು ಆ ಕಾಲಕ್ಕೆ ಅಪರೂಪ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2002ರಲ್ಲಿ ಸಾಲ ಮಂಜೂರು ಮಾಡಿದ್ದ ವಿಶ್ವಬ್ಯಾಂಕಿಗೆ 2004ರಲ್ಲಿ ಕುರ್ಲಾ ಭಾಗದ ಅಂಗಡಿಕಾರರು ಹಾಗೂ ಇತರರು ದೂರು ಸಲ್ಲಿಸಿದರು. ವ್ಯಾಪಾರ ಕಳೆದುಕೊಳ್ಳುವವರ ಅಹವಾಲು ಕೇಳುವವರಿಲ್ಲ ಎಂಬುದು ಅವರ ಅಳಲು. ಬ್ಯಾಂಕಿನ ಪರಿಶೀಲನಾ ಸಮಿತಿ ಪುನರ್ವಸತಿಯಲ್ಲಿ ಲೋಪಗಳನ್ನು ಗುರುತಿಸಿತು. 2006ರ ಮಾರ್ಚ್‌ನಲ್ಲಿ ರಸ್ತೆ ಮತ್ತು ಪುನರ್ವಸತಿ ಭಾಗಗಳಿಗೆ ಹಣ ಬಿಡುಗಡೆ ತಡೆಹಿಡಿಯಲಾಗಿ, ಕೆಲವು ತಿಂಗಳ ನಂತರವಷ್ಟೇ ಪುನರಾರಂಭವಾಯಿತು. ಸರ್ಕಾರದ ಕೆಲಸವನ್ನು ಸ್ವಯಂಸೇವಾ ಸಂಸ್ಥೆಗೆ ವಹಿಸಿದಾಗ, ಅದರ ವಿರುದ್ಧವೇ ದೂರಿರುವವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಈ ಪ್ರಕರಣ ಎತ್ತಿತು.

ಬೀಗದ ಕೈ ಸಿಕ್ಕ ಮೇಲೆ

ಮಾನ್‌ಖುರ್ದ್‌ನ ಲಲ್ಲೂಭಾಯಿ ಕಾಂಪೌಂಡ್, ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡ್ ಮುಂತಾದ ಪುನರ್ವಸತಿ ಬಡಾವಣೆಗಳಲ್ಲಿ ಕಟ್ಟಡಗಳ ನಡುವೆ ಕೆಲವೆಡೆ ಕೇವಲ 3 ಮೀಟರ್ ಅಂತರವಿದೆ. ಕೆಳಗಿನ ಮಹಡಿಗಳಿಗೆ ಗಾಳಿ, ಬೆಳಕು ತಲುಪದಿರುವುದಕ್ಕೂ ಅಲ್ಲಿನ ಕ್ಷಯರೋಗಕ್ಕೂ ಸಂಬಂಧವಿದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಲಿಫ್ಟ್, ನೀರಿನ ಪಂಪು, ವಿದ್ಯುತ್ ಬಿಲ್ಲು, ಇವೆಲ್ಲ ಗುಡಿಸಲಿನಲ್ಲಿ ಇಲ್ಲದ ಖರ್ಚುಗಳು. ಯೋಜನೆಯ ನಿಯಮದಂತೆ ಅಭಿವೃದ್ಧಿದಾರರು ಪ್ರತಿ ಮನೆಗೆ ಆರಂಭದಲ್ಲಿ ಇಡುತ್ತಿದ್ದ ನಿರ್ವಹಣಾ ಠೇವಣಿ 20,000 ರೂಪಾಯಿ. ಅದರ ಬಡ್ಡಿಯಲ್ಲಿ ಏಳು ಅಂತಸ್ತಿನ ಕಟ್ಟಡ ನಡೆಯುವುದು ಕಷ್ಟ. ಸಹಭಾಗಿಗಳು ಉದ್ಘಾಟನೆಯ ನಂತರ ಹೊರಟುಹೋಗುತ್ತಾರೆ, ಬಿಲ್ಲು ನಿವಾಸಿಗಳ ಪಾಲಿಗೆ ಉಳಿಯುತ್ತದೆ.

ಬೆಂಗಳೂರಿಗೂ ಇಂಥ ಅನುಭವವಿದೆ. ಈಜಿಪುರದ ಆರ್ಥಿಕ ದುರ್ಬಲ ವರ್ಗದ ವಸತಿಗೃಹಗಳು ಶಿಥಿಲವಾಗಿ ಕುಸಿದ ಬಳಿಕ, ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣಕ್ಕೆ ಒಪ್ಪಂದವಾಯಿತು. ಜಾಗದ ಒಂದು ಪಾಲಿನಲ್ಲಿ ಬಡವರ ಮನೆ, ಇನ್ನೊಂದು ಪಾಲಿನಲ್ಲಿ ವಾಣಿಜ್ಯ ಸಂಕೀರ್ಣ ಎಂಬುದು ಅದರ ತಿರುಳು. 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಬಲವಂತವಾಗಿ ತೆರವುಗೊಳಿಸಲಾಯಿತು. ಮುಂಬಯಿಯಲ್ಲಿ ಇದ್ದ ಮೂರನೆಯ ಹೆಗಲು, ಅಂದರೆ ನಿವಾಸಿಗಳ ಸಂಘಟನೆ, ಇಲ್ಲಿ ಒಪ್ಪಂದದ ಪಾಲುದಾರನಾಗಿರಲಿಲ್ಲ.

ಮುಂದಿನ ಹೆಜ್ಜೆ

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗವು ಮುಂಬಯಿ ಮಾದರಿಯನ್ನೇ ದೇಶವ್ಯಾಪಿಗೊಳಿಸಿ, ಭೂಮಿಯನ್ನು ಸಂಪನ್ಮೂಲವಾಗಿ ಬಳಸುವ ಸ್ಥಳದಲ್ಲೇ ಪುನರಭಿವೃದ್ಧಿಗೆ ಪ್ರತಿ ಮನೆಗೆ 1 ಲಕ್ಷ ರೂಪಾಯಿ, ಸಹಭಾಗಿತ್ವದ ವಸತಿಗೆ 1.5 ಲಕ್ಷ ರೂಪಾಯಿ ಕೇಂದ್ರ ನೆರವು ನಿಗದಿಪಡಿಸಿತು. ಧಾರಾವಿಯ ಪುನರಭಿವೃದ್ಧಿಗೆ 2022ರ ನವೆಂಬರ್‌ನಲ್ಲಿ ಅದಾನಿ ಸಮೂಹ 5,069 ಕೋಟಿ ರೂಪಾಯಿಯ ಬಿಡ್ ಮೂಲಕ ಆಯ್ಕೆಯಾಯಿತು. ಅಲ್ಲಿಯೂ ಯಾರು ಅರ್ಹರು, ಯಾರು ಅನರ್ಹರು, ಕುಂಬಾರಿಕೆ ಮತ್ತು ಚರ್ಮೋದ್ಯಮದ ಗತಿ ಏನು ಎಂಬುದೇ ಚರ್ಚೆಯ ಕೇಂದ್ರ.

2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಪಡೆದ ಜೋಕಿನ್ 2018ರ ಅಕ್ಟೋಬರ್‌ನಲ್ಲಿ ನಿಧನರಾದರು. ಅವರು ಆರಂಭಿಸಿದ ಕಾರ್ಯದ ಸಾರ ಇಷ್ಟೇ: ಮೊದಲು ಜನರನ್ನು ಎಣಿಸಬೇಕು, ಆ ಎಣಿಕೆಯ ಪುಸ್ತಕ ಜನರ ಕೈಯಲ್ಲಿಯೇ ಇರಬೇಕು. ಸರ್ಕಾರ, ದತ್ತಿ ಸಂಸ್ಥೆ, ಖಾಸಗಿ ವಲಯ ಯಾವುದೇ ಒಪ್ಪಂದಕ್ಕೆ ಸಹಿ ಹಾಕಲಿ, ಆ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಮನೆ ಸಿಗುವುದಿಲ್ಲ.