ತಳ್ಳಿದ್ದು ಏಕೆ ನಿಲ್ಲುತ್ತದೆ?

ಪೌಡರ್ ಹಾಕದ ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಹೊಡೆದರೆ ಅರ್ಧ ದಾರಿಗೇ ನಿಂತುಬಿಡುತ್ತದೆ. ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಹೊಡೆಯಿರಿ, ಎದುರಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಬೆರಳಿನ ಬಲ ಎರಡು ಸಲವೂ ಒಂದೇ, ಕಡಿಮೆಯಾದದ್ದು ಘರ್ಷಣೆ. ಇಷ್ಟರ ಅರ್ಥ ಹಿಡಿಯಲು ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷ ಹಿಡಿಯಿತು.

ಚಲಿಸುವ ವಸ್ತುವನ್ನು ಏನಾದರೊಂದು ತಳ್ಳುತ್ತಲೇ ಇರಬೇಕು ಎಂದು ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಹೇಳಿದ. ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದಲ್ಲ, ಕಣ್ಣಿಗೆ ಕಾಣುವುದೂ ಹಾಗೆಯೇ. ತೊಡಕಾದದ್ದು ಬಾಣ. ಬಿಲ್ಲು ಬಿಟ್ಟ ಮೇಲೆ ಅದನ್ನು ತಳ್ಳುವವರು ಯಾರು? ಗಾಳಿ ಎಂದ ಆತ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೋಪೋನಸ್ ಇದನ್ನು ಒಪ್ಪಲಿಲ್ಲ. ಎಸೆದವನೇ ವಸ್ತುವಿನೊಳಗೆ ಒಂದು ಶಕ್ತಿ ತುಂಬುತ್ತಾನೆ ಎಂದ. ನಮ್ಮ ವೈಶೇಷಿಕ ದರ್ಶನದ ಪ್ರಶಸ್ತಪಾದ, ಬಾಣದಲ್ಲಿ ಹುಟ್ಟುವ ‘ವೇಗ’ವೆಂಬ ಸಂಸ್ಕಾರದಿಂದ ಅದರ ಹಾರಾಟವನ್ನು ವಿವರಿಸಿದ. 14ನೇ ಶತಮಾನದ ಪ್ಯಾರಿಸ್‌ನಲ್ಲಿ ಬುರಿಡಾನ್ ‘ಇಂಪೆಟಸ್’ ಎಂದದ್ದೂ ಇದಕ್ಕೆ ಹತ್ತಿರದ ವಿಚಾರವೇ. ಊಹೆ ಹರಿತವಾಗುತ್ತ ಬಂತು, ಅಳತೆ ಬಾಕಿ ಉಳಿಯಿತು.

ಅಳತೆಗೆ ಕೂತವನು ಗೆಲಿಲಿಯೋ. ನೇರವಾಗಿ ಬೀಳುವ ಗುಂಡು ಎಣಿಕೆಗೆ ಸಿಗದಷ್ಟು ಬೇಗ ಬೀಳುತ್ತದೆ. ಅದನ್ನು ನಿಧಾನ ಮಾಡಲು ಆತ ಉದ್ದನೆಯ ಮರದ ತೊಲೆಯಲ್ಲಿ ಕಿರಿದಾದ ಕಾಲುವೆ ಕೊರೆದು, ನಯವಾದ ಚರ್ಮದ ಹಾಳೆ ಅಂಟಿಸಿ, ಓರೆಯಾಗಿಟ್ಟು ಕಂಚಿನ ಗುಂಡು ಉರುಳಿಸಿದ. ಗಡಿಯಾರ? ಪಾತ್ರೆಯ ಸಣ್ಣ ಕೊಳವೆಯಿಂದ ಲೋಟಕ್ಕೆ ಬಿದ್ದ ನೀರನ್ನು ತಕ್ಕಡಿಯಲ್ಲಿ ತೂಗಿದ. ನೀರಿನ ತೂಕವೇ ಕಾಲದ ಲೆಕ್ಕ. ಕಾಲ ಎರಡರಷ್ಟಾದಾಗ ದೂರ ನಾಲ್ಕರಷ್ಟು, ಮೂರರಷ್ಟಾದಾಗ ಒಂಬತ್ತರಷ್ಟು! ಇನ್ನೊಂದು ಮಾತನ್ನೂ ಆತ ಯೋಚಿಸಿದ. ಒಂದು ಇಳಿಜಾರಿನಿಂದ ಇಳಿದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ ಹತ್ತುತ್ತದೆ. ಏರನ್ನು ತಗ್ಗಿಸಿದಷ್ಟೂ ದೂರ ಓಡುತ್ತದೆ. ಏರೇ ಇಲ್ಲದಿದ್ದರೆ, ತಡೆಯೂ ಇಲ್ಲದಿದ್ದರೆ, ನಿಲ್ಲಲು ಕಾರಣವೇ ಇಲ್ಲ. ಇದೆಲ್ಲ 1638ರ ಅವನ ಪುಸ್ತಕದಲ್ಲಿದೆ. ಪೀಸಾ ಗೋಪುರದ ಮೇಲಿಂದ ಆತ ಗುಂಡುಗಳನ್ನು ಬೀಳಿಸಿದನೆಂಬ ಕಥೆ ನಡೆದದ್ದೇ ಅನುಮಾನ. ಪಾಠದಲ್ಲಿ ಹೇಳಬೇಕಾದದ್ದು ಈ ತೊಲೆಯ ಕಥೆಯನ್ನು.

ತಡೆಯಿಲ್ಲದ ಚಲನೆ ಸರಳರೇಖೆಯಲ್ಲೇ ಸಾಗುತ್ತದೆ ಎಂದು 1644ರಲ್ಲಿ ಡೆಕಾರ್ಟ್ ಸ್ಪಷ್ಟಪಡಿಸಿದ. 1687ರಲ್ಲಿ ನ್ಯೂಟನ್ ‘ಪ್ರಿನ್ಸಿಪಿಯಾ’ದಲ್ಲಿ ಎಲ್ಲವನ್ನೂ ಮೂರು ನಿಯಮಗಳಿಗೆ ಇಳಿಸಿದ. ಬಲ ಬೇಕಿರುವುದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ಬೀಳುವ ಕಾಯಿಗೂ ಸುತ್ತುವ ಚಂದ್ರನಿಗೂ ಅದೇ ಲೆಕ್ಕ. ಗಾಳಿಯ ತಡೆಯೂ ಇಲ್ಲದಿದ್ದರೆ ಬೀಳುವಿಕೆ ಹೇಗಿರುತ್ತದೆ ಎಂದು ತೋರಿಸಲು 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟ. ಗಾಳಿಯಿಲ್ಲದ ಆ ನೆಲಕ್ಕೆ ಎರಡೂ ಒಟ್ಟಿಗೇ ಬಿದ್ದವು.

ಆದರೂ ಅರಿಸ್ಟಾಟಲ್ ತರಗತಿಯಿಂದ ಹೋಗಿಲ್ಲ. ಬಲದ ಕುರಿತ ಕಲಿಕೆಯನ್ನು ಪರೀಕ್ಷಿಸಲು ಅಮೆರಿಕದಲ್ಲಿ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಲೆಕ್ಕ ಬಿಡಿಸಬಲ್ಲ ವಿದ್ಯಾರ್ಥಿಗಳಲ್ಲೂ ಹಳೆಯ ನಂಬಿಕೆ ಉಳಿದಿರುವುದನ್ನು ಅದು ತೋರಿಸಿತು. ಮೇಲೆಸೆದ ಚೆಂಡಿನ ಮೇಲೆ ಯಾವ ಬಲವಿದೆ ಎಂದು ಕೇಳಿ ನೋಡಿ, ‘ಕೈಯ ಬಲ’ ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಅವರು ದಡ್ಡರಲ್ಲ, ದೊಡ್ಡ ಬುದ್ಧಿವಂತರು ಶತಮಾನಗಟ್ಟಲೆ ನಿಂತಿದ್ದ ಜಾಗದಲ್ಲೇ ನಿಂತಿದ್ದಾರೆ.

ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಮೇಡಂಗಳಲ್ಲಿ ಒಂದು ವಿನಂತಿ: ಜಡತ್ವದ ನಿಯಮವನ್ನು ಬರೆಸುವ ಮೊದಲು ತರಗತಿಗೆ ಕೇರಂ ಬೋರ್ಡ್ ತನ್ನಿ, ಪೌಡರ್ ಡಬ್ಬಿಯನ್ನು ಮಕ್ಕಳ ಕೈಗೇ ಕೊಡಿ.