ಕಡಲಾಚೆಯ ದುಡಿಮೆ, ಕನ್ನಡದ ಬರಹ

ಪರದೇಶದಲ್ಲಿ ದುಡಿಯುವ ಕನ್ನಡಿಗರ ಸಂಸ್ಕೃತಿ ಆಘಾತವೆಂದರೆ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರನ ಒಂಟಿತನ ಎಂಬ ಮಾತು ಈಚೆಗೆ ವಿಮರ್ಶೆಯಲ್ಲಿ ಬೇರೂರಿದೆ. ಬಹುಕಾಲ ಈ ಬರಹಗಳನ್ನು ಓದುತ್ತ, ಓದಿಸುತ್ತ ಬಂದ ನಾನು ಇದನ್ನು ಒಪ್ಪಲಾರೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. ಆಕ್ಸ್‌ಫರ್ಡಿಗೆ ಓದಲು ಹೋದ ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಎರಡೂ ದುಡಿಯಲಲ್ಲ, ಓದಲೋ ನೋಡಲೋ ಹೋದವರ ಬರಹಗಳು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಸೊಗಸಾದ ಪುಸ್ತಕ, ಆದರೆ ಅತಿಥಿಯದು. ಅತಿಥಿ ಎಡವಿದರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ದುಡಿಯುವವನು ಎಡವಿದರೆ ಕೆಲಸವೇ ಹೋಗುತ್ತದೆ.

ತಿರುವು ಕೊಟ್ಟವರು ಬಿ.ಜಿ.ಎಲ್. ಸ್ವಾಮಿ. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿದರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ಪ್ರಾಂಶುಪಾಲರಾದರು. ‘ಅಮೆರಿಕದಲ್ಲಿ ನಾನು’ ಮತ್ತು ‘ತಮಿಳು ತಲೆಗಳ ನಡುವೆ’ ಇವೆರಡನ್ನೂ ಜೊತೆಗಿಟ್ಟು ಓದಬೇಕು. ಎರಡನೆಯದರಲ್ಲಿ ಸಿಟ್ಟು ಕೆಲವೆಡೆ ನೋಟವನ್ನೇ ಮಸುಕು ಮಾಡಿದೆ. ತಮಿಳರೊಡನೆ ನಿತ್ಯ ಬಾಳುವ, ಹೊಸೂರಿನ ಬಳಿಯ ನಮ್ಮ ಸಾನಮಾವಿನ ಕಡೆಯವರಿಗೆ ಅದು ರುಚಿಸದು. ಆದರೂ ಪರಕೀಯನಾಗಲು ಕಡಲು ದಾಟಬೇಕಿಲ್ಲವೆಂದು ತೋರಿಸಿಕೊಟ್ಟವರು ಅವರೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ತಮಿಳುನಾಡಿನ 2006ರ ಕಾಯಿದೆಯಿಂದ ಇಲ್ಲಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ಇಲ್ಲಿನ ಹುಡುಗ ಊರು ಬಿಡುವ ಮೊದಲೇ ಇತರರ ರೀತಿಗೆ ಒಗ್ಗಿರುತ್ತಾನೆ. ಈ ಕಲಿಕೆಗೆ ವಿಮರ್ಶೆಯಲ್ಲಿ ಜಾಗವೇ ಸಿಕ್ಕಿಲ್ಲ.

ನನ್ನ ತಲೆಮಾರಿನವರು ಹೊರನಾಡಿನ ಕೆಲಸದ ಜಾಗವನ್ನೇ ಕಥೆಗೆ ತಂದರು. ಎಂ.ಆರ್. ದತ್ತಾತ್ರಿಯವರ ‘ದ್ವೀಪವ ಬಯಸಿ’ ಹೀಗೆ ಬಂದದ್ದು. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಇನ್ನೂ ಆಳಕ್ಕೆ ಇಳಿಯುತ್ತದೆ. ಅಲ್ಲಿ ಸಿಸೇರಿಯನ್ ಬೇಡವೆನ್ನುವ ವಲಸೆ ಬಂದ ಮುಸ್ಲಿಂ ಹೆಣ್ಣುಮಕ್ಕಳಿದ್ದಾರೆ, ಅವರ ಹೆರಿಗೆ ನೋಡಬೇಕಾದ ಕನ್ನಡದ ವೈದ್ಯರಿದ್ದಾರೆ. ವೈದ್ಯರಿಗೆ ಜೀವ ಉಳಿಸುವ ಕ್ರಮವಾದದ್ದು ಬಸುರಿಗೆ ತನ್ನ ಮೈಮೇಲಿನ ಅತಿಕ್ರಮಣ. ನಡುವೆ ಆಸ್ಪತ್ರೆಯ ನಿಯಮ, ಕಾನೂನು. ವೈದ್ಯರೂ ವಲಸಿಗರೇ ಆದ್ದರಿಂದ ಬಿಳಿಯರು ಮತ್ತು ನಾವು ಎಂಬ ಹಳೆಯ ಜೋಡಿ ಇಲ್ಲಿ ಮುರಿದುಬೀಳುತ್ತದೆ. ಈ ವಸ್ತುವಿನ ಮೇಲೆ ಕನ್ನಡದಲ್ಲಿ ಬಂದ ಅತ್ಯುತ್ತಮ ಕಾದಂಬರಿ ಇದೆಂದು ನನ್ನ ತೀರ್ಮಾನ.

ಆದರೆ ಹೀಗೆ ಬರೆದವರು ಹೆಚ್ಚಾಗಿ ಪ್ರಾಧ್ಯಾಪಕರು, ವೈದ್ಯರು, ಎಂಜಿನಿಯರುಗಳು. ಕರಾವಳಿಯಿಂದ ದಶಕಗಳಿಂದ ಕೊಲ್ಲಿ ದೇಶಗಳಿಗೆ ಹೋಗುತ್ತಿರುವ ಡ್ರೈವರು, ಅಡುಗೆಯವರು, ಮನೆಗೆಲಸದವರ ಕಥೆ ತೀರ ವಿರಳ. ಪಾಸ್‌ಪೋರ್ಟನ್ನು ಮಾಲೀಕನೇ ಇಟ್ಟುಕೊಂಡಾಗ ತಪ್ಪು ತಿಳಿವಳಿಕೆಗೆ ತೆರುವ ಬೆಲೆಯೇ ಬೇರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿ ಸಿಕ್ಕಿಬಿದ್ದರು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಅವರು ಮರಳಿದ್ದು ಸುದ್ದಿಯಾಯಿತು. ಅದಕ್ಕೂ ಮೊದಲು ಅಲ್ಲಿ ಯಾವ ಮಾತಿನಲ್ಲಿ ವ್ಯಾಪಾರ ಮಾಡಿದರು, ಯಾರು ನಂಬಿದರು, ಯಾರು ಹೆದರಿಸಿದರು? ಇದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈಗಲೇ ಕೈಗೆತ್ತಿಕೊಳ್ಳಬೇಕು.